ಷೇರು ಬ್ಯಾಲೆನ್ಸ್ ಸೊನ್ನೆ ಅಂತ ಮೆಸೇಜ್ ಬಂತೇ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ನನ್ನ ಡಿಮ್ಯಾಟ್‌ನಲ್ಲಿ ಒಂದಿಷ್ಟು ಬ್ಯಾಂಕ್ ಷೇರುಗಳಿವೆ. ಮೊನ್ನೆ ಷೇರು ಎಕ್ಸ್‌ಚೇಂಜ್ ಎನ್‌ಎಸ್‌ಇಯಿಂದ ಮೆಸೇಜ್ ಬಂತು. ಬ್ರೋಕರ್ ತಿಳಿಸಿದಂತೆ ನನ್ನ ಫಂಡ್ ಬ್ಯಾಲೆನ್ಸ್ 1,240 ರೂಪಾಯಿ, ಸೆಕ್ಯುರಿಟೀಸ್ ಬ್ಯಾಲೆನ್ಸ್ 0 ಅಂತೆ. ನನ್ನ ಷೇರುಗಳು ಎಲ್ಲಿ ಹೋದವು?
– ಓದುಗರು, ಡೊಂಬಿವಲಿ

ಉತ್ತರ: ಎಲ್ಲೂ ಹೋಗಿಲ್ಲ ಮೇಡಂ. ಫೋರ್ಟ್‌ನಲ್ಲಿ ಒಂದು ಬ್ರೋಕರ್ ಆಫೀಸಿನ ಕಂಪ್ಲಯನ್ಸ್, ಅಂದರೆ ನಿಯಮ ಪಾಲನೆಯ ಕೆಲಸ, ನಾನು ನೋಡಿಕೊಳ್ಳುತ್ತಿದ್ದಾಗ ಈ ಸೊನ್ನೆಗೆ ಹೆದರಿ ಫೋನ್ ಮಾಡುವವರೇ ಜಾಸ್ತಿ. ಮಾಟುಂಗಾದ ನಮ್ಮ ಹೋಟೆಲಿನವರಂತೂ ಗಲ್ಲಾ ಬಿಟ್ಟು ಸೀದಾ ಆಫೀಸಿಗೇ ಬರುತ್ತಿದ್ದರು.

ಮೆಸೇಜಿನ ಕೊನೆಯ ಸಾಲನ್ನು ಇನ್ನೊಮ್ಮೆ ಓದಿ. ಬ್ಯಾಂಕ್, ಡಿಪಿ (ಡಿಮ್ಯಾಟ್ ಖಾತೆ), ಪಿಎಂಎಸ್ (ನಿಮ್ಮ ಪರವಾಗಿ ಬೇರೆಯವರು ನಡೆಸುವ ಹೂಡಿಕೆ) ಬ್ಯಾಲೆನ್ಸ್ ಇದರಲ್ಲಿ ಸೇರಿಲ್ಲ ಅಂತ ಇರುತ್ತದೆ. ನಿಮ್ಮ ಷೇರುಗಳು ಇರುವುದು ನಿಮ್ಮ ಹೆಸರಿನ ಡಿಮ್ಯಾಟ್ ಖಾತೆಯಲ್ಲಿ, ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್ ಎಂಬ ಡಿಪಾಸಿಟರಿಯ, ಅಂದರೆ ಷೇರು ಜೋಪಾನ ಮಾಡುವ ಸಂಸ್ಥೆಯ, ಪುಸ್ತಕದಲ್ಲಿ. ಬ್ರೋಕರ್ ಇಲ್ಲಿ ಹೇಳಿರುವುದು ತನ್ನ ಕೈಯಲ್ಲಿ ಉಳಿದಿರುವ ನಿಮ್ಮ ಷೇರಿನ ಲೆಕ್ಕ. ಅದು ಸೊನ್ನೆ ಇದ್ದರೆ ಒಳ್ಳೆಯದೇ ಅಲ್ವಾ? ಸಂಖ್ಯೆ ಕಂಡರೆ ಮಾತ್ರ ಯಾಕೆ ಅಂತ ಕೇಳಿ.

ಈ ಮೆಸೇಜ್ ಸುಮ್ನೆ ಶುರುವಾದದ್ದಲ್ಲ. ಗಿರಾಕಿಗಳ ಹಣ, ಷೇರಿನ ಲೆಕ್ಕವನ್ನು ಬ್ರೋಕರ್‌ಗಳು ಎಕ್ಸ್‌ಚೇಂಜ್‌ಗೆ ತಪ್ಪದೆ ಕಳಿಸಬೇಕು ಎಂದು 2016ರ ಸೆಪ್ಟೆಂಬರ್‌ನಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ ಬಿಗಿ ಮಾಡಿತು. ಆ ಲೆಕ್ಕವನ್ನೇ ಎಕ್ಸ್‌ಚೇಂಜ್ ನಿಮಗೆ ತೋರಿಸುತ್ತದೆ. ಹೀಗಿದ್ದೂ 2019ರ ನವೆಂಬರ್‌ನಲ್ಲಿ ಕಾರ್ವಿ ಎಂಬ ಬ್ರೋಕಿಂಗ್ ಕಂಪನಿಯ ಪ್ರಕರಣ ಬಯಲಾಯಿತು. ಗಿರಾಕಿಗಳ ಷೇರುಗಳನ್ನು ಅಡವಿಟ್ಟು ಸಾಲ ಎತ್ತಿದ್ದರು. ಆಮೇಲೆ ಮಾರ್ಜಿನ್ (ವ್ಯವಹಾರದ ಭದ್ರತೆಗೆ ಕೊಡುವ) ಷೇರು ಬ್ರೋಕರ್ ಖಾತೆಗೆ ಹೋಗುವ ಪದ್ಧತಿಯೇ ನಿಂತಿತು. 2020ರ ಸೆಪ್ಟೆಂಬರ್‌ನಿಂದ ಅಡವು ನಿಮ್ಮ ಖಾತೆಯಲ್ಲೇ ಆಗುತ್ತದೆ, ಅದಕ್ಕೆ ನಿಮ್ಮ ಓಟಿಪಿ ಬೇಕು.

ನನ್ನನ್ನು ಕೇಳಿದರೆ ಬ್ರೋಕರ್ ಆ್ಯಪ್‌ನಲ್ಲಿ ಕಾಣುವ ಅಂಕಿಗಿಂತ ಡಿಪಾಸಿಟರಿ ಕಳಿಸುವ ಸಿಎಎಸ್ (ನಿಮ್ಮ ಹೂಡಿಕೆಗಳ ಒಟ್ಟು ಲೆಕ್ಕ) ಸ್ಟೇಟ್‌ಮೆಂಟ್‌ಗೆ ತೂಕ ಜಾಸ್ತಿ. ಆ್ಯಪ್ ಬ್ರೋಕರ್‌ನದ್ದು, ಸ್ಟೇಟ್‌ಮೆಂಟ್ ಅವನ ಕೈಯಿಂದ ಬರುವುದಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ತಾಳೆ ಹಾಕಿ. 1,240 ರೂಪಾಯಿಯನ್ನೂ ಮೆಸೇಜಿನ ಲೆಕ್ಕ ಯಾವ ತಾರೀಖಿನದೋ ಅದೇ ತಾರೀಖಿನ ಲೆಡ್ಜರ್ (ಬ್ರೋಕರ್ ಬಳಿಯ ನಿಮ್ಮ ಹಣದ ಲೆಕ್ಕ) ಜೊತೆ ನೋಡಿ, ಇವತ್ತಿನ ಲೆಡ್ಜರ್ ಜೊತೆ ಅಲ್ಲ.

ಪ್ರಶ್ನೆ: ಷೇರು ಕೊಳ್ಳಲು ಅಂತ ಬ್ರೋಕರ್ ಬಳಿ ಇಟ್ಟಿದ್ದ ಹಣವನ್ನು ನಾನು ಕೇಳದೆಯೇ ಬ್ಯಾಂಕಿಗೆ ವಾಪಸ್ ಹಾಕಿದ್ದಾರೆ. ಖಾತೆ ಮುಚ್ಚುತ್ತಿದ್ದಾರೆಯೇ?
– ಓದುಗರು, ಮುಲುಂಡ್

ಉತ್ತರ: ಇಲ್ಲ. ಸುಮ್ಮನೆ ಬಿದ್ದಿರುವ ಹಣವನ್ನು ಮೂರು ತಿಂಗಳಿಗೊಮ್ಮೆ ಅಥವಾ ತಿಂಗಳಿಗೊಮ್ಮೆ, ನೀವು ಆರಿಸಿದಂತೆ, ವಾಪಸ್ ಹಾಕಲೇಬೇಕು. ಎಕ್ಸ್‌ಚೇಂಜ್ ಗೊತ್ತುಮಾಡಿದ ದಿನ ಅದು ನಡೆಯುತ್ತದೆ, ಹೆಚ್ಚಾಗಿ ಶುಕ್ರವಾರ. ಬೇಕಾದಾಗ ಮತ್ತೆ ಹಾಕಿ. ‘ಇಲ್ಲೇ ಇರಲಿ ಬಿಡಿ ಸಾರ್’ ಅನ್ನುವ ಬ್ರೋಕರ್ ಸಿಕ್ಕರೆ ಹುಷಾರಾಗಿರಿ.

ಪ್ರಶ್ನೆ: ಮಗನಿಗೆ ಅಂಧೇರಿಯ ಬ್ರೋಕಿಂಗ್ ಕಂಪನಿಯೊಂದರ ಕಂಪ್ಲಯನ್ಸ್ ವಿಭಾಗದಲ್ಲಿ ಕೆಲಸ ಸಿಕ್ಕಿದೆ. ಬರೀ ಕಾಗದ ತುಂಬುವ ಕೆಲಸ ಅನ್ನುತ್ತಾರೆ. ಸೇರಿಸಬಹುದೇ?
– ಓದುಗರು, ಠಾಣೆ

ಉತ್ತರ: ಕಾಗದ ಇದೆ, ಬೇಕಾದಷ್ಟಿದೆ. ವ್ಯವಹಾರವಾದ 24 ಗಂಟೆಯೊಳಗೆ ಗಿರಾಕಿಗೆ ಕಾಂಟ್ರ್ಯಾಕ್ಟ್ ನೋಟ್ (ವ್ಯವಹಾರದ ವಿವರದ ಚೀಟಿ) ಹೋಗಬೇಕು. ಆರು ತಿಂಗಳಿಗೊಮ್ಮೆ ಇಂಟರ್ನಲ್ ಆಡಿಟ್. ಸೆಬಿಯ ದೂರು ತಾಣ ಸ್ಕೋರ್ಸ್‌ನಲ್ಲಿ ದೂರು ಬಂದರೆ 21 ದಿನದಲ್ಲಿ ಉತ್ತರ. ಗಿರಾಕಿಯ ವ್ಯವಹಾರ ಅನುಮಾನಾಸ್ಪದ ಅನ್ನಿಸಿದರೆ ಅಕ್ರಮ ಹಣದ ಮೇಲೆ ಕಣ್ಣಿಡುವ ದೆಹಲಿಯ ಸರ್ಕಾರಿ ಸಂಸ್ಥೆ ಎಫ್‌ಐಯುಗೆ ವರದಿ, ಅದೂ ಗಿರಾಕಿಗೆ ಸುಳಿವು ಕೊಡದೆ. ಸೇಲ್ಸ್‌ನವರಿಗೆ ಆ ಗಿರಾಕಿ ತಿಂಗಳ ಟಾರ್ಗೆಟ್ ಆಗಿರುತ್ತಾನೆ, ಗೊತ್ತಲ್ಲ. ಜಗಳ ಇದ್ದದ್ದೇ.

ನಿಜವಾದ ಕಷ್ಟ ಇದರಲ್ಲಿಲ್ಲ, ಅದು ಬರುವುದು ಮುಂದೆ ಮಗ ಕಂಪ್ಲಯನ್ಸ್ ಆಫೀಸರ್ ಆದಾಗ. ಸಂಬಳ ಕೊಡುವವರು ಮಾಲೀಕರು. ಆದರೆ ನಿಯಮ ಮುರಿದದ್ದು ಕಣ್ಣಿಗೆ ಬಿದ್ದರೆ ಮಾಲೀಕರ ಒಪ್ಪಿಗೆ ಕಾಯದೆ, ತಡಮಾಡದೆ ಸೆಬಿಗೆ ತಿಳಿಸುವುದು ಆ ಆಫೀಸರ್‌ನ ಹೊಣೆ. ಅದನ್ನು ತಡೆದುಕೊಳ್ಳುವ ಸ್ವಭಾವ ಮಗನಿಗೆ ಇದೆಯಾ ಅನ್ನುವುದು ನಿಮಗೇ ಚೆನ್ನಾಗಿ ಗೊತ್ತು. ಇದ್ದರೆ ಸೇರಿಸಿ. ಸೇರಿದ ಮೇಲೆ ಸೆಬಿಯ ತರಬೇತಿ ಸಂಸ್ಥೆ ಎನ್‌ಐಎಸ್‌ಎಂನ ಮೂರು-ಎ ಕಂಪ್ಲಯನ್ಸ್ ಪರೀಕ್ಷೆ ಮೊದಲ ವರ್ಷವೇ ಮುಗಿಸಿಬಿಡಲಿ. ಆಮೇಲೆ ಆಡಿಟ್ ಗಲಾಟೆಯಲ್ಲಿ ಓದಲು ಪುರುಸೊತ್ತು ಸಿಗುವುದಿಲ್ಲ.