ರಾತ್ರಿ ತಿದ್ದಿದ್ದನ್ನು ಹಗಲಲ್ಲಿ ಹೇಳಿ

ಈ ವಾರದ ಒಂದು ಪತ್ರ ಓದಿ ಮರುಕ ಬಂತು, ಸ್ವಲ್ಪ ಸಿಟ್ಟೂ ಬಂತು. ಬರೆದವರು ಕಸ್ಟಮರ್ ಕೇರ್ ವಿಭಾಗದಲ್ಲಿ 11 ವರ್ಷಗಳಿಂದ ಇದ್ದಾರೆ. ಕಂಪನಿ ಈಗ ಎಐ ತಂದಿದೆ. ಗ್ರಾಹಕರ ದೂರಿಗೆ ಅದೇ ಉತ್ತರ ಬರೆದು ಕೊಡುತ್ತದೆ, ಇವರು ನೋಡಿ ಕಳಿಸಬೇಕು. ಮೊನ್ನೆ ಮೊನ್ನೆ ಸೇರಿದ ಹುಡುಗರೂ ಇವರಷ್ಟೇ ಕೆಲಸ ಮುಗಿಸುತ್ತಿದ್ದಾರೆ. ಟೀಮ್ ಲೀಡ್ ಹುದ್ದೆ ಮೀಟಿಂಗಿನಲ್ಲಿ ಪಟಪಟ ಮಾತಾಡುವ ಕಿರಿಯನಿಗೆ ಹೋಯಿತು. "ನಿನಗೆ ಸಾಫ್ಟ್ ಸ್ಕಿಲ್ಸ್ ಇಲ್ಲ, ಕೋರ್ಸ್ ಸೇರು" ಎಂದಳಂತೆ ಗೆಳತಿ. ಸಾಫ್ಟ್ ಸ್ಕಿಲ್ಸ್ ಅಂದರೆ ಜನರ ಜೊತೆ ವ್ಯವಹರಿಸುವ ಜಾಣ್ಮೆ. ಸೇರಲೇ ಎಂಬುದು ಪ್ರಶ್ನೆ.

ಕೋರ್ಸಿನ ಮಾತು ಆಮೇಲೆ. ಪತ್ರದ ಕೊನೆಯಲ್ಲಿ ನೀವು ಒಂದು ಸಾಲನ್ನು ಸುಮ್ನೆ ಬರೆದು ಬಿಟ್ಟಿದ್ದೀರಿ: "ರೀಫಂಡ್ ನಿಯಮ ಬಂದಾಗ ಅದು ಆಗಾಗ ತಪ್ಪು ಬರೆಯುತ್ತದೆ. ಶಿಫ್ಟ್ ಮುಗಿದ ಮೇಲೆ ರಾತ್ರಿ ಕೂತು ಹುಡುಗರ ಉತ್ತರಗಳನ್ನೂ ತಿದ್ದುತ್ತೇನೆ, ಅದೇನು ದೊಡ್ಡದಲ್ಲ."

ದೊಡ್ಡದಲ್ವಾ? ವಿಮಾನ ಕಂಪನಿ ಏರ್ ಕೆನಡಾದ ಕಥೆ ಕೇಳಿ. ಅಜ್ಜಿ ತೀರಿಕೊಂಡ ಪ್ರಯಾಣಿಕನೊಬ್ಬನಿಗೆ, ಪ್ರಶ್ನೆಗಳಿಗೆ ತಾನೇ ಉತ್ತರಿಸುವ ಅದರ ಚಾಟ್‌ಬಾಟ್, ಈಗ ಟಿಕೆಟ್ ಕೊಳ್ಳಿ, ಸಾವಿನ ಸಂದರ್ಭದ ರಿಯಾಯಿತಿಗೆ ಆಮೇಲೆ ಅರ್ಜಿ ಹಾಕಿ ಎಂದಿತು. ನಿಯಮ ಹಾಗಿರಲಿಲ್ಲ, ಕಂಪನಿ ದುಡ್ಡು ಕೊಡಲಿಲ್ಲ. ಚಾಟ್‌ಬಾಟ್ ಹೇಳಿದ್ದಕ್ಕೆ ನಾವು ಹೊಣೆಯಲ್ಲ ಎಂದೂ ವಾದಿಸಿತು. 2024ರ ಫೆಬ್ರವರಿಯಲ್ಲಿ ಕೆನಡಾದ ನ್ಯಾಯಮಂಡಳಿ ಆ ವಾದ ಒಪ್ಪದೆ ಪರಿಹಾರ ಕೊಡಿಸಿತು. ಅಂಥದ್ದನ್ನೇ ನೀವು ರಾತ್ರಿ ಕೂತು ತಪ್ಪಿಸುತ್ತಿದ್ದೀರಿ. ಯಾರಿಗೂ ಗೊತ್ತಿಲ್ಲ.

ಹುಡುಗರು ನಿಮ್ಮ ಸಮಕ್ಕೆ ಬಂದದ್ದೂ ವಿಚಿತ್ರವೇನಲ್ಲ. ಅರ್ಥಶಾಸ್ತ್ರಜ್ಞ ಎರಿಕ್ ಬ್ರಿನ್ಯೋಲ್ಫ್ಸನ್ ಮತ್ತು ಜೊತೆಗಾರರು 5 ಸಾವಿರಕ್ಕೂ ಹೆಚ್ಚು ಕಸ್ಟಮರ್ ಕೇರ್ ನೌಕರರ ಕೆಲಸ ಗಮನಿಸಿ 2023ರಲ್ಲಿ ಅಧ್ಯಯನ ಹೊರತಂದರು. ಎಐ ನೆರವಿನಿಂದ ಹೊಸಬರ ಕೆಲಸ ಶೇ 34ರಷ್ಟು ಚುರುಕಾಗಿತ್ತು, ಪಳಗಿದವರದ್ದು ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಪಳಗಿದವರು ಗ್ರಾಹಕರನ್ನು ಮಾತಾಡಿಸುವ ರೀತಿಯನ್ನೇ ಅದು ಹೊಸಬರಿಗೆ ದಾಟಿಸುತ್ತಿರಬೇಕು ಎನ್ನುತ್ತಾರೆ ಅವರು. ಇದನ್ನು ಓದಿಯೂ ಕೈಲಾಗದವಳು ಅಂದುಕೊಳ್ಳಬೇಡಿ.

ನನ್ನ ಸಿಟ್ಟು ಆ ಗೆಳತಿಯ ಮೇಲೆ. ಪಟಪಟ ಮಾತನ್ನೇ ಸಾಫ್ಟ್ ಸ್ಕಿಲ್ಸ್ ಎಂದುಕೊಂಡಿದ್ದಾಳೆ. ಕೋಪದಲ್ಲಿ ಬರೆದ ದೂರಿನೊಳಗೆ ನಿಜವಾದ ತೊಂದರೆ ಏನೆಂದು ಹಿಡಿಯುವುದು, ಹೊಸಬರ ಮರ್ಯಾದೆ ಹೋಗದಂತೆ ತಪ್ಪು ಸರಿಪಡಿಸುವುದು ಸಾಫ್ಟ್ ಸ್ಕಿಲ್ಸ್ ಅಲ್ಲದೆ ಮತ್ತೇನು? ಅವೆಲ್ಲ ನಿಮಗೆ ಬರುತ್ತವೆ. ಬಾರದೇ ಇರುವುದು ಒಂದೇ, ಮೇಲಿನವರಿಗೆ ಹಿಡಿಸದ ಮಾತು ಹೇಳುವುದು. ಅದನ್ನು ಯಾವ ಕೋರ್ಸಿನ ಸ್ಲೈಡೂ ಕಲಿಸಲ್ಲ. ನಿಮ್ಮ ಮ್ಯಾನೇಜರ್ ಅನ್ನು ಪೂರ್ತಿ ಬೈಯಲಾರೆ. ತಪ್ಪು ಅವರ ಕಣ್ಣಿಗೆ ಬೀಳುವ ಮೊದಲೇ ನೀವು ಅಳಿಸಿಬಿಡುತ್ತೀರಲ್ಲ!

ಆದ್ದರಿಂದ ಕೋರ್ಸ್ ಬೇಡ. ಈ ವಾರ ತಿದ್ದಿದವುಗಳಲ್ಲಿ ಮೂರು ಉತ್ತರ ಆರಿಸಿ. ಎಐ ಬರೆದದ್ದು, ನೀವು ತಿದ್ದಿದ್ದು, ಎರಡನ್ನೂ ಪ್ರಿಂಟ್ ತೆಗೆದು ಮ್ಯಾನೇಜರ್ ಎದುರು ಕೂತು ತೋರಿಸಿ. ಮೇಲ್ ಮಾಡಬೇಡಿ. ಕಷ್ಟದ ಮಾತನ್ನು ಎದುರಿಗೇ ಆಡಬೇಕು ಎನ್ನುವುದು ನನ್ನ ಹಳೇ ಹಠ, ಈ ಅಂಕಣ ಓದುವವರಿಗೆಲ್ಲ ಗೊತ್ತು. ಮೇಲನ್ನೂ ಎಐ ಬರೆಯುವ ಈ ಕಾಲದಲ್ಲಿ ಆ ಹಠ ಇನ್ನೂ ಜಾಸ್ತಿಯಾಗಿದೆ. ಟೀಮ್ ಲೀಡ್ ಆದ ಹುಡುಗನ ಸುದ್ದಿ ಎತ್ತಲೇಬೇಡಿ.

"ಇಷ್ಟು ದಿನ ಯಾಕೆ ಹೇಳಲಿಲ್ಲ?" ಎಂದು ಅವರು ಕೇಳಿಯೇ ಕೇಳುತ್ತಾರೆ. ಕೆಲಸ ಜಾಸ್ತಿ ಇತ್ತು ಅಂತೆಲ್ಲ ನೆಪ ಹೇಳಬೇಡಿ. ಭಯವಾಗಿತ್ತು ಅನ್ನಿ.