ತೂತು ದೊಡ್ಡದಾದರೂ ಮಾಸ್ಕ್ ಹೇಗೆ ತಡೆಯುತ್ತದೆ?

ಸೋಮವಾರಪೇಟೆ ಕಡೆಯ ಓದುಗರೊಬ್ಬರು ಬರೆದಿದ್ದಾರೆ: “ಮಳೆ ಹಿಡಿದಾಗಿನಿಂದ ಮನೆಯಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ಶೀತ, ಕೆಮ್ಮು. ಅತ್ತೆಗೆ 78 ವರ್ಷ, ದಮ್ಮು ಬೇರೆ. ಕೆಮ್ಮುವವರು ಮಾಸ್ಕ್ ಹಾಕಿಕೊಳ್ಳಿ ಅಂದರೆ ನಮ್ಮ ಯಜಮಾನರು, ‘ವೈರಸ್ ಅದರ ತೂತಿಗಿಂತ ಎಷ್ಟೋ ಸಣ್ಣದು, ಸುಮ್ನೆ ಯಾಕೆ?’ ಅನ್ನುತ್ತಾರೆ. ನಿಜವೇ?”

ಯಜಮಾನರ ಮಾತು ಅರ್ಧ ನಿಜ. ಕೊರೋನಾ ವೈರಸ್ ಸುಮಾರು 0.1 ಮೈಕ್ರಾನ್ ಅಷ್ಟೇ. ಒಂದು ಮಿಲಿಮೀಟರ್ ಜಾಗದಲ್ಲಿ ಹತ್ತು ಸಾವಿರ ಸಾಲಾಗಿ ಕೂರಬಹುದು. ಆದರೆ ಅದು ಒಂಟಿಯಾಗಿ ಹೊರಡುವುದಿಲ್ಲ. ಎಂಜಲಿನ ಹನಿಯೊಳಗೆ ಕೂತು ಬರುತ್ತದೆ.

ಮಂಜು ಕವಿದ ಒಂದು ಬೆಳಗ್ಗೆ ಅವರನ್ನು ತೋಟಕ್ಕೆ ಕರೆದುಕೊಂಡು ಹೋಗಿ. ಮೆಣಸಿನ ಬಳ್ಳಿಗೂ ಕಾಫಿ ಗಿಡಕ್ಕೂ ನಡುವೆ ಜೇಡ ಬಲೆ ಕಟ್ಟಿರುತ್ತದೆ ನೋಡಿ. ಆ ಬಲೆಯ ಕಣ್ಣಿನಲ್ಲಿ ಮೆಣಸಿನ ಕಾಳೇ ತೂರಿ ಹೋದೀತು. ಆದರೂ ಎಳೆ ಎಳೆಗೂ ಮಂಜಿನ ಹನಿ ಪೋಣಿಸಿದ ಹಾಗೆ ಅಂಟಿರುತ್ತದೆ. ಗಾಳಿ ಎಳೆಯನ್ನು ಬಳಸಿಕೊಂಡು ಮುಂದೆ ಹೋಗುತ್ತದೆ, ಹನಿ ತಾಗಿ ಅಲ್ಲೇ ನಿಲ್ಲುತ್ತದೆ. ಮಾಸ್ಕಿನಲ್ಲಿ ಇಂಥ ಎಳೆಗಳು ಪದರ ಪದರವಾಗಿ ಅಡ್ಡಾದಿಡ್ಡಿ ಹರಡಿರುತ್ತವೆ. ತೀರಾ ಸಣ್ಣ ಕಣಗಳು ನೇರ ಹೋಗಲಾಗದೆ ಅತ್ತಿತ್ತ ಓಲಾಡುತ್ತಾ ಎಳೆಗೆ ತಾಗುತ್ತವೆ. ಎನ್-95 ಮಾಸ್ಕಿನ ಎಳೆಗಳಿಗೆ ವಿದ್ಯುತ್ ಆವೇಶವೂ ಇರುತ್ತದೆ. ತಲೆ ಬಾಚಿದ ಬಾಚಣಿಗೆ ಕಾಗದದ ಚೂರು ಎಳೆದುಕೊಳ್ಳುತ್ತದಲ್ವಾ, ಹಾಗೆ. ಅದನ್ನು ಸೋಪು ಹಾಕಿ ಒಗೆದರೆ ಆ ಶಕ್ತಿ ಹೋಗುತ್ತದೆ, ದಯವಿಟ್ಟು ಒಗೆಯಬೇಡಿ.

ಕೆಮ್ಮುವವರೇ ಹಾಕಿಕೊಳ್ಳಬೇಕು ಎಂದಿರಲ್ಲ, ಅದು ತುಂಬಾ ಸರಿ. ಬಾಯಿಂದ ಹೊರಟ ಗಳಿಗೆಯಲ್ಲಿ ಹನಿ ದಪ್ಪಗಿರುತ್ತದೆ, ಹಿಡಿಯುವುದು ಸುಲಭ. ಆಮೇಲೆ ಒಣಗಿ ಕುಗ್ಗಿ, ಮುಚ್ಚಿದ ಕೋಣೆಯಲ್ಲಿ ಬಹಳ ಹೊತ್ತು ತೇಲುತ್ತದೆ. ಮಳೆಗಾಲದಲ್ಲಿ ನಮ್ಮ ಮನೆಗಳ ಕಿಟಕಿ ತೆರೆಯುವುದೇ ಅಪರೂಪ.

ಮಾಸ್ಕ್ ಪೂರ್ತಿ ತಡೆಯುತ್ತದೆ ಎಂದು ನಾನು ಹೇಳುವುದಿಲ್ಲ. ಕೋವಿಡ್ ಕಾಲದಲ್ಲಿ ಬಾಂಗ್ಲಾದೇಶದ 600 ಹಳ್ಳಿಗಳಲ್ಲಿ ದೊಡ್ಡ ಅಧ್ಯಯನ ನಡೆಯಿತು. ಸರ್ಜಿಕಲ್ ಮಾಸ್ಕ್ ಹಂಚಿದ ಹಳ್ಳಿಗಳಲ್ಲಿ ಲಕ್ಷಣವಿದ್ದ ಸೋಂಕು ಒಟ್ಟಾರೆ ಸುಮಾರು ಶೇಕಡ 11ರಷ್ಟು ಇಳಿಯಿತು. 60 ದಾಟಿದವರಲ್ಲಿ ಇಳಿದದ್ದು ಸುಮಾರು ಶೇಕಡ 35. ಅದೂ ಅರ್ಧಕ್ಕಿಂತ ಕಡಿಮೆ ಜನ ಸರಿಯಾಗಿ ಹಾಕಿಕೊಂಡಿದ್ದಾಗ! ಹಿರಿಯರಿರುವ ಮನೆಗೆ ಇದು ಸಣ್ಣ ಲಾಭವಲ್ಲ.

ಯಜಮಾನರು ಕನ್ನಡಕ ಹಾಕುತ್ತಾರಾ? ಗಾಜು ಮಬ್ಬಾದರೆ ಮೂಗಿನ ಹತ್ತಿರ ಗಾಳಿ ಸೋರುತ್ತಿದೆ ಎಂದರ್ಥ. ಮೇಲಿನ ತಂತಿಯನ್ನು ಮೂಗಿಗೆ ಒತ್ತಿ ಕೂರಿಸಲಿ. ಮಳೆಯಲ್ಲಿ ನೆನೆದ ಮಾಸ್ಕನ್ನು ಒಲೆ ಮೇಲೆ ಒಣಗಿಸಿ ಮತ್ತೆ ಹಾಕುವುದು ಬೇಡ, ಬೇರೆಯದು ತೆಗೆದುಕೊಳ್ಳಿ. ಅತ್ತೆಯವರಿಗೆ ಮಾಸ್ಕ್ ಹಾಕಿದರೆ ಉಸಿರು ಕಟ್ಟುವಂತಾದರೆ ಬಲವಂತ ಮಾಡಬೇಡಿ. ಕೆಮ್ಮುವವರೇ ಮಾಸ್ಕ್ ಹಾಕಿಕೊಂಡು ಅವರಿಗೆ ಕಾಫಿ ಕೊಡಲು ಹೋಗಲಿ, ಹೋದವರು ಕಿಟಕಿಯನ್ನೂ ಸ್ವಲ್ಪ ತೆರೆದು ಬರಲಿ.

- ಸಂ.