ಡಿಗ್ರಿಗೆ ಭಾಷಾಶಾಸ್ತ್ರ ತಗೊಂಡರೆ ಹೇಗಿರುತ್ತದೆ?

ಪಿಯುಸಿ ಮುಗಿದಿದೆ, ಡಿಗ್ರಿಗೆ ಭಾಷಾಶಾಸ್ತ್ರ ಓದುವ ಆಸೆ, ಆದರೆ ಮನೆಯಲ್ಲಿ "ಅದನ್ನ ಓದಿ ಏನ್ ಮಾಡ್ತೀಯ?" ಅನ್ನುತ್ತಾರೆ ಎಂದು ಬರೆದಿದ್ದೀರಿ. ನಾನು ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಲ್ಯಾಂಗ್ವೇಜ್ ಸೈನ್ಸಸ್‌ನ (ಅಂದರೆ ಭಾಷಾಶಾಸ್ತ್ರದ್ದೇ) ಡಿಗ್ರಿ, ಎಂಎ ಎರಡೂ ಸೇರಿದ 5 ವರ್ಷದ ಇಂಟಿಗ್ರೇಟೆಡ್ ಎಂಎ ಓದಿದವಳು. ನಮ್ಮ ಮನೆಯಲ್ಲೂ ಇದೇ ಮಾತು ಬಂದಿತ್ತು.

ಮೊದಲು ಒಂದು ವಿಷಯ. ಇದು ಹತ್ತಾರು ಭಾಷೆ ಕಲಿಸುವ ಕೋರ್ಸ್ ಅಲ್ಲ. ಕಥೆ, ಕವಿತೆ ಓದುವುದೂ ಅಲ್ಲ. ನೀವು ದಿನಾ ಆಡುವ ಮಾತನ್ನೇ ಬಿಚ್ಚಿ ನೋಡುವುದು. ಫೊನೆಟಿಕ್ಸ್ ಅಂದರೆ ಮಾತಿನ ಧ್ವನಿಗಳ ಕ್ಲಾಸಿನಲ್ಲಿ ನಮ್ಮ ಮೇಡಂ ಬಾಯಿ ಮುಂದೆ ಅಂಗೈ ಹಿಡಿದು ಇಂಗ್ಲಿಷಿನ 'ಪಿನ್' ಅನ್ನಿ ಎಂದರು. ನನ್ನ ಅಂಗೈಗೆ ಗಾಳಿ ತಾಗಲೇ ಇಲ್ಲ. ಆಮೇಲೆ ಇಂಗ್ಲೆಂಡಿನವರ ರೆಕಾರ್ಡಿಂಗ್ ಹಾಕಿದರು. ಅವರ 'ಪಿನ್' ನಮ್ಮ 'ಫಲ'ದ ಫ ಇದ್ದಂತೆ, ಉಸಿರು ಚಿಮ್ಮುತ್ತದೆ. 'ಸ್ಪಿನ್' ಅಂದಾಗ ಮಾತ್ರ ನಮ್ಮ ಪ. ಅವರಿಗೆ ಆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ! ಅವತ್ತಿಂದ ನನ್ನ ಕಿವಿ ಬೇರೆಯಾಯಿತು.

ಇನ್ನೊಂದು ದಿನ ಬೋರ್ಡ್ ಮೇಲೆ ನಾವು ನಾವೇ ನಮ್ಮ ಮನೆಮಾತಿನ ಪದ ಬರೆದೆವು. ತಮಿಳು ಗೆಳತಿ ಪಾಲ್, ಪುಲಿ, ಪೂ ಬರೆದಳು. ತೆಲುಗಿನವನು ಪಾಲು, ಪುಲಿ, ಪುವ್ವು. ನಾನು ಹಾಲು, ಹುಲಿ, ಹೂವು. ಪಂಪನ ಕಾಲದಲ್ಲಿ ನಮ್ಮಲ್ಲೂ ಪಾಲ್, ಪುಲಿಯೇ ಇತ್ತು, ಆಮೇಲೆ ಪ ಹೋಗಿ ಹ ಬಂತು. ಇಷ್ಟು ಶಾಲೆಯಲ್ಲೇ ಕೇಳಿದ್ದೆ. ಆದರೆ ಮೇಡಂ ಕೇಳಿದರು: "ಹಾಗಾದ್ರೆ ಉಪ್ಪು ಯಾಕೆ ಉಹ್ಹು ಆಗಲಿಲ್ಲ? ಅಪ್ಪ, ತಪ್ಪು ಯಾಕೆ ಹಾಗೇ ಉಳಿದವು?" ಒತ್ತು ಇರುವ ಪ ಗಟ್ಟಿ, ಅದು ಅಲ್ಲಾಡಲಿಲ್ಲ. ಆಗ ಮಲಯಾಳಿ ಹುಡುಗ ಮೆಲ್ಲಗೆ "ಪಪ್ಪಡಂ" ಅಂದ. ನಾನು "ಹಪ್ಪಳ" ಅಂದೆ. ಒಂದೇ ಪದದಲ್ಲಿ ಮೊದಲ ಪ ಹೋಗಿದೆ, ಒತ್ತಿನ ಪ ಕೂತಿದೆ! ಜಪಾನಿಯಲ್ಲೂ ಹೀಗೇ ಆಗಿದೆಯಂತೆ, ಅವರ ದೇಶಕ್ಕೆ ನಿಪ್ಪೊನ್, ನಿಹೊನ್ ಅಂತ ಎರಡೂ ಹೆಸರಿವೆ. ಹುಟ್ಟಿದಾಗಿನಿಂದ ತಿಂದ ಹಪ್ಪಳದಲ್ಲಿ ಇಷ್ಟೆಲ್ಲ ಇದೆ ಅಂತ ತಿಳಿದ ಆ ಖುಷಿ ಇವತ್ತಿಗೂ ಇಳಿದಿಲ್ಲ.

ಕಷ್ಟ ಇಲ್ಲವಾ ಅಂದರೆ, ಇದೆ. ವಾಕ್ಯದ ರಚನೆಯನ್ನು ಮರದಂಥ ಚಿತ್ರವಾಗಿ ಬಿಡಿಸುವ ಸಿಂಟ್ಯಾಕ್ಸ್ ಪೇಪರ್‌ಗೆ ಜಾಸ್ತಿ ತಾಳ್ಮೆ ಬೇಕು. ಅರ್ಥದ ಪೇಪರ್‌ನಲ್ಲಿ ಲಾಜಿಕ್, ಸೆಟ್ ಎಲ್ಲ ಬರುತ್ತವೆ. ಗಣಿತ ಬೇಡ ಅಂತ ಇಲ್ಲಿಗೆ ಬರಬೇಡಿ.

ಕೆಲಸದ ವಿಷಯ. ಬರೀ ಡಿಗ್ರಿಯಿಂದ ನೇರವಾಗಿ ಇದೇ ಕೆಲಸ ಅಂತ ಸಿಗುವುದು ಕಡಿಮೆ. ಪಾಠ ಮಾಡಬೇಕು ಅಂದರೆ ಎಂಎ, ನೆಟ್ (ಅಧ್ಯಾಪಕರ ಅರ್ಹತಾ ಪರೀಕ್ಷೆ), ಪಿಎಚ್‌ಡಿ ದಾರಿ. ಮೈಸೂರಿನ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆಯಂಥ ಕಡೆ ಪ್ರಾಜೆಕ್ಟ್‌ಗಳು ಬರುತ್ತವೆ. ಕಂಪ್ಯೂಟರಿಗೆ ಭಾಷೆ ಕಲಿಸುವ ಕಂಪನಿಗಳಿಗೆ ಹೋಗಬೇಕಾದರೆ ಮೊದಲ ವರ್ಷದಿಂದಲೇ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಯಿರಿ. ನಾನು ತಡವಾಗಿ ಶುರು ಮಾಡಿ ಒದ್ದಾಡಿದೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆ ಆಯಿಷ್‌ನಲ್ಲಿ ಇರುವುದು ವಾಕ್ ಮತ್ತು ಶ್ರವಣದ ಕೋರ್ಸ್, ಅದು ಬೇರೆ. ತುಂಬಾ ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ.

ಎಲ್ಲಿ ಓದುವುದು? ನಮ್ಮ ಕಡೆ ಇದು ಹೆಚ್ಚಾಗಿ ಎಂಎ ಹಂತದ ವಿಷಯ. ಪಿಯುಸಿ ಆದ ಮೇಲೆ ನಾನು ಓದಿದ ಕೋರ್ಸ್ ಇದೆ, ಅದಕ್ಕೆ ಸಿಯುಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲೂ ಬಿಎ ಆನರ್ಸ್ ಇದೆ. ಪಿಯುಸಿಯಲ್ಲಿ ಗಣಿತ ಇದ್ದರೆ ಐಐಐಟಿ ಹೈದರಾಬಾದಿನ ಕಂಪ್ಯುಟೇಷನಲ್ ಲಿಂಗ್ವಿಸ್ಟಿಕ್ಸ್ (ಕಂಪ್ಯೂಟರ್ ಜೊತೆ ಭಾಷಾಶಾಸ್ತ್ರ) ಡ್ಯುಯಲ್ ಡಿಗ್ರಿ ನೋಡಿ.

ಫಾರ್ಮ್ ತುಂಬುವ ಮುಂಚೆ ಒಂದು ಕೆಲಸ ಮಾಡಿ. ಅಜ್ಜಿಯನ್ನು ಕೇಳಿ, ಅವರ ಮಾತನ್ನು 5 ನಿಮಿಷ ಫೋನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಒಂದಕ್ಷರವನ್ನೂ ತಿದ್ದದೆ, ಅವರು ಅಂದ ಹಾಗೇ ಬರೆಯಿರಿ. 'ಬಂದಿದ್ದಾನೆ' ಅಂತ ಬರೆಯಲು ಹೋಗಿ, ಇಲ್ಲ, ಅವರು 'ಬಂದವ್ನೆ' ಅಂದರಲ್ವಾ ಅಂತ ಮತ್ತೆ ಮತ್ತೆ ಹಿಂದೆ ಹೋಗಿ ಕೇಳುವುದು ನಿಮಗೆ ಬೇಜಾರು ತರದಿದ್ದರೆ, ಆ ಕಾಗದವನ್ನೇ ಮನೆಯವರಿಗೂ ತೋರಿಸಿ.